ಅಟ್ಲಾಂಟಿಕ್ ತೀರದ ಐದು ಅಂಗಣಗಳು

ಬಾಸ್ಟನ್ ನಗರದ ಉತ್ತರ ನಿಲ್ದಾಣದಲ್ಲಿ ರೈಲಿನಿಂದ ಇಳಿದ ಪ್ರಯಾಣಿಕನಿಗೆ, ತನ್ನ ನೆತ್ತಿಯ ಮೇಲೆ ಹತ್ತೊಂಬತ್ತು ಸಾವಿರ ಜನ ಕೂಡಬಲ್ಲ ಕ್ರೀಡಾಮಂದಿರವೊಂದು ಇದೆಯೆಂಬುದು ಒಡನೆಯೇ ಹೊಳೆಯುವುದಿಲ್ಲ. ಲೋವೆಲ್ ಕಡೆಯಿಂದ ಬಂದ ಗಾಡಿಯಿಂದ ನಾನೂ ನನ್ನ ಭಾಮೈದನೂ ಇಳಿದಾಗ ಸಂಜೆ ಆರು ಗಂಟೆ. ಹೊರಗೆ ಹಿಮ ಉದುರುತ್ತಿತ್ತು. ಗಾಡಿಯಲ್ಲಿದ್ದ ಅರ್ಧದಷ್ಟು ಜನ ಹಸಿರು ಅಂಗಿ, ಹಸಿರು ಟೋಪಿ ತೊಟ್ಟವರು. ನಮ್ಮಲ್ಲಿ ತೇರಿಗೆ ಹೊರಟವರ ಮುಖದಲ್ಲಿ ಕಾಣುವ ಉತ್ಸಾಹವೇ ಅವರ ಮುಖದಲ್ಲಿಯೂ ಕಾಣುತ್ತಿತ್ತು. ಅವರ ಬೆನ್ನು ಹಿಡಿದು ಮೆಟ್ಟಿಲೇರಿದೆವು. ಹೀಗೆ ರೈಲು ನಿಲ್ದಾಣದ ಮಾಳಿಗೆಯ ಮೇಲೆ, ನಾನು ಜೀವನದಲ್ಲಿ ಮೊದಲ ಬಾರಿಗೆ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಪಂದ್ಯವೊಂದನ್ನು ನೋಡಿದೆ.

ಕನ್ನಡ ಪಾಠ ಹೇಳುವ ಅಧ್ಯಾಪಕನಿಗೆ ಈ ಆಟದ ಗೊಡವೆ ಏಕೆ ಬಂದಿತೆಂದು ಓದುಗರು ಕೇಳಬಹುದು. ಎರಡು ಸೆಮಿಸ್ಟರುಗಳ ನಡುವಣ ಬಿಡುವಿನಲ್ಲಿ ನಾನು ಅಲ್ಲಿಗೆ ಹೋದದ್ದು ಊರು ನೋಡುವುದಕ್ಕೆಂದೇ. ಆದರೆ ಹೊರಡುವ ಹಿಂದಿನ ದಿನ ತಿಪಟೂರಿನಲ್ಲಿ ನಮ್ಮ ಮಾವನವರು ನನ್ನನ್ನು ತೋಟದ ಬದುವಿನವರೆಗೆ ಕರೆದುಕೊಂಡು ಹೋಗಿ ತಗ್ಗಿದ ದನಿಯಲ್ಲಿ ಹೇಳಿದ್ದರು: "ಹುಡುಗ ಐದು ತಿಂಗಳಿಂದ ಓದಿನ ಸಾಲದ ಕಂತು ಕಳಿಸಿಲ್ಲ. ಬ್ಯಾಂಕಿನಿಂದ ಎರಡು ಕಾಗದ ಬಂದಿವೆ. ಕೇಳಿದರೆ ಮಾತು ಹಾರಿಸುತ್ತಾನೆ. ನೀವು ಅವನನ್ನೇನೂ ಕೇಳಬೇಡಿ. ಸುಮ್ಮನೆ ನೋಡಿಕೊಂಡು ಬನ್ನಿ." ಆ ಸಾಲಕ್ಕೆ ಆಧಾರವಾಗಿದ್ದುದು ನಾವು ನಿಂತಿದ್ದ ಆ ತೋಟವೇ.

ಹೀಗೆ ನೋಡುವ ಕೆಲಸ ಹೊತ್ತು ಹೋದವನನ್ನು ಹುಡುಗ ಮೊದಲು ಕರೆದೊಯ್ದದ್ದು ಈ ಅಂಗಣಕ್ಕೆ. ಮುಂದಿನ ಒಂಬತ್ತು ದಿನ ನಾವು ಕಾರಿನಲ್ಲಿ ಸುತ್ತಿದ ದಾರಿಯನ್ನು ಗೊತ್ತುಮಾಡಿದವನೂ ಅವನೇ. ಬಾಸ್ಟನ್, ನ್ಯೂಯಾರ್ಕ್, ಬ್ರೂಕ್ಲಿನ್, ಫಿಲಡೆಲ್ಫಿಯ, ಟೊರಾಂಟೊ: ಈ ಐದು ಊರಿನ ತಂಡಗಳು ಸೇರಿ 'ಅಟ್ಲಾಂಟಿಕ್ ವಿಭಾಗ'. ಟೊರಾಂಟೊ ಇರುವುದು ಸಮುದ್ರದಿಂದ ನೂರಾರು ಮೈಲಿ ಒಳಗೆ, ಒಂದು ಸರೋವರದ ದಂಡೆಯಲ್ಲಿ. ಅದಕ್ಕೂ ಅಟ್ಲಾಂಟಿಕ್ ಸಾಗರಕ್ಕೂ ಏನು ನಂಟೆಂದು ನಾನು ಕೇಳಿದ್ದಕ್ಕೆ, "2004ರಲ್ಲಿ ತಂಡಗಳನ್ನು ಹಂಚುವಾಗ ಅಲ್ಲಿಗೆ ಸೇರಿಸಿದರು, ಅಷ್ಟೇ ಭಾವ" ಎಂದ. ಭೂಗೋಳದ ಮೇಷ್ಟರು ಯಾರೂ ಆ ಸಭೆಯಲ್ಲಿ ಇರಲಿಲ್ಲವೆಂದು ತೋರುತ್ತದೆ.

ಬಾಸ್ಟನ್ನಿನ ಸೆಲ್ಟಿಕ್ಸ್ ತಂಡ ಹುಟ್ಟಿದ್ದು 1946ರಲ್ಲಿ. ಅವರ ಆಟದ ನೆಲ ನಮ್ಮ ಹಳೆಯ ಬಂಗಲೆಗಳ ನೆಲದಂತೆ ಚೌಕ ಚೌಕವಾಗಿ ಹಲಗೆ ಜೋಡಿಸಿದ್ದು. ಎರಡನೆಯ ಮಹಾಯುದ್ಧದ ಕಾಲಕ್ಕೆ ಉದ್ದನೆಯ ಮರ ಸಿಗದೆ, ಓಕ್ ಮರದ ತುಂಡುಗಳನ್ನೇ ಅಡ್ಡ ಉದ್ದ ಕೂಡಿಸಿ ಮೊದಲ ನೆಲ ಮಾಡಿದರಂತೆ. ಬಡತನದಲ್ಲಿ ಮಾಡಿದ್ದು ಈಗ ಕುಲಚಿಹ್ನೆಯಾಗಿದೆ; ಹೊಸ ಮಂದಿರ ಕಟ್ಟಿದಾಗಲೂ ಅದೇ ಮಾದರಿಯನ್ನು ಉಳಿಸಿಕೊಂಡರು. ಮೇಲೆ ಛಾವಣಿಯಿಂದ ತೂಗುವ ಬಿಳಿ ಹಸಿರು ಪತಾಕೆಗಳನ್ನು ನಾನು ಎಣಿಸತೊಡಗಿದೆ. 1957ರಿಂದ 1969ರವರೆಗಿನ ಹದಿಮೂರು ವರ್ಷಗಳಲ್ಲಿ ಈ ತಂಡ ಹನ್ನೊಂದು ಬಾರಿ ಗೆದ್ದಿತು. ಹದಿನೆಂಟನೆಯ ಪತಾಕೆ 2024ರದು.

ಆ ಹನ್ನೊಂದೂ ಗೆಲುವುಗಳ ನಡುಗಂಬ ಬಿಲ್ ರಸೆಲ್ ಎಂಬ ಕಪ್ಪು ಜನಾಂಗದ ಆಟಗಾರ. ಈತ ಅಂಕ ಗಳಿಸುವುದಕ್ಕಿಂತ ಹೆಚ್ಚಾಗಿ ಎದುರಾಳಿ ಅಂಕ ಗಳಿಸದಂತೆ ತಡೆಯುವುದರಲ್ಲಿ ನಿಸ್ಸೀಮ. 1966ರಲ್ಲಿ ರೆಡ್ ಅವರ್‌ಬಾಕ್ ತರಬೇತುದಾರನ ಪೀಠದಿಂದ ಇಳಿದಾಗ ಆ ಪೀಠವೂ ರಸೆಲ್ಲನಿಗೇ ಬಂದಿತು. ಆ ಕೂಟದಲ್ಲಿ ಅಂಥ ಹುದ್ದೆಗೇರಿದ ಮೊದಲ ಕಪ್ಪು ಮನುಷ್ಯ ಅವನು. ಇಷ್ಟೆಲ್ಲ ಗೆದ್ದುಕೊಟ್ಟವನ ಮನೆಗೆ ಅದೇ ಊರಿನ ಸೆರಗಿನ ರೀಡಿಂಗ್ ಎಂಬ ಪೇಟೆಯಲ್ಲಿ ದುರುಳರು ನುಗ್ಗಿ, ಗೋಡೆಯ ಮೇಲೆ ಹೊಲಸು ಮಾತು ಬರೆದು, ಅವನ ಹಾಸಿಗೆಯನ್ನು ಹೇಸಿಗೆ ಮಾಡಿ ಹೋದರು. ಅವನು ಗೆಲ್ಲುತ್ತಿದ್ದ ಕಾಲದಲ್ಲಿ ಅಂಗಣ ಎಷ್ಟೋ ದಿನ ತುಂಬುತ್ತಿರಲಿಲ್ಲ. 2022ರಲ್ಲಿ ಅವನು ತೀರಿಕೊಂಡ ಮೇಲೆ ಅವನ 6ನೆಯ ಸಂಖ್ಯೆಯನ್ನು ಇಡೀ ಕೂಟದಲ್ಲಿ ಇನ್ನು ಯಾರಿಗೂ ಹೊಸದಾಗಿ ಕೊಡಬಾರದೆಂದು ನಿರ್ಣಯಿಸಿದರು. ಸತ್ತ ಮೇಲೆ ಕೊಡುವ ಗೌರವದಲ್ಲಿ ಜನ ಎಲ್ಲ ಕಡೆಯೂ ಧಾರಾಳಿಗಳೇ.

ಪಂದ್ಯ ಚೆನ್ನಾಗಿತ್ತು. ಕೊನೆಯ ಗಳಿಗೆಯಲ್ಲಿ ಮನೆಯ ತಂಡ ಎಂಟು ಅಂಕ ಮುಂದಿತ್ತು. ಗೆಲುವು ಖಚಿತವಾಗಿ ಜನ ಕೋಟು ತೊಡತೊಡಗಿದ್ದರು. ಆಗ ಎದುರಾಳಿ ತಂಡದ ಹುಡುಗನೊಬ್ಬ ದೂರದಿಂದ ಒಂದು ಚೆಂಡು ಎಸೆದ. ಅದು ಬುಟ್ಟಿಯೊಳಗೆ ಬಿತ್ತು. ಎಂಟು ಐದಾಯಿತು, ಗಂಟೆ ಬಾರಿಸಿತು. ಸೋಲುವ ತಂಡಕ್ಕೆ ಯಾವ ಪ್ರಯೋಜನವೂ ಇಲ್ಲದ ಮೂರು ಅಂಕ. ಆದರೆ ಸುತ್ತ ಕುಳಿತವರಲ್ಲಿ ಕೆಲವರು ಹೋ ಎಂದು ಎದ್ದು ನಿಂತರು, ಕೆಲವರು ತಲೆಗೆ ಕೈ ಹಚ್ಚಿದರು. ನಮ್ಮ ಹುಡುಗ ಹಚ್ಚಿದವರ ಪೈಕಿ. ಅವನ ತಂಡ ಗೆದ್ದಿತ್ತು. ಮುಖ ಮಾತ್ರ ಸೋತಿತ್ತು.

ಮರಳಿ ಬರುವ ಗಾಡಿಯಲ್ಲಿ ಕಾರಣ ಕೇಳಿದೆ. ಅವನು ಹೇಳಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಪ್ರಬಲ ತಂಡ ದುರ್ಬಲ ತಂಡದೊಡನೆ ಆಡುವಾಗ ಯಾರು ಗೆಲ್ಲುತ್ತಾರೆಂದು ಪಣ ಕಟ್ಟುವುದರಲ್ಲಿ ಸ್ವಾರಸ್ಯವಿಲ್ಲ. ಆದ್ದರಿಂದ ಪಣದ ಅಂಗಡಿಯವರು ಪ್ರಬಲ ತಂಡದ ತಲೆಯ ಮೇಲೆ ಅಂಕಗಳ ಒಂದು ಭಾರ ಹೇರುತ್ತಾರೆ. ಆರೂವರೆ ಎಂದು ಹೇರಿದರೆ ಆ ತಂಡ ಏಳು ಅಂಕದಿಂದಲಾದರೂ ಗೆಲ್ಲಬೇಕು. ಆರರಿಂದ ಗೆದ್ದರೆ ಅದರ ಮೇಲೆ ಹಣ ಕಟ್ಟಿದವನು ಸೋತಂತೆಯೇ. ಈ ಅರ್ಧ ಅಂಕ ಆಟದಲ್ಲಿ ಎಲ್ಲಿಯೂ ಇಲ್ಲ. ಸರಿಸಮವಾಗಿ ಯಾರಿಗೂ ಹಣ ಹಿಂದಿರುಗಬಾರದೆಂದು ಅಂಗಡಿಯವನು ಸೃಷ್ಟಿಸಿದ ಅರ್ಧ ಅದು.

"ಎಷ್ಟು ಕಟ್ಟಿದ್ದೆ?" ಎಂದೆ.

"ಸುಮ್ಮನೆ, ತಮಾಷೆಗೆ ಭಾವ. ಇಲ್ಲಿ ಎಲ್ಲರೂ ಕಟ್ಟುತ್ತಾರೆ" ಎಂದು ಕಿಟಕಿಯ ಕಡೆ ತಿರುಗಿದ. ಮಾವನವರು ಹೇಳಿದ ಮಾತು ಹಾರಿಸುವುದೆಂದರೆ ಇದೇ ಎಂದು ನನಗೆ ಗೊತ್ತಾಯಿತು. ನಾನು ಮತ್ತೆ ಕೇಳಲಿಲ್ಲ.

ಮರುದಿನ ಬೆಳಗ್ಗೆ ಪಶ್ಚಿಮಕ್ಕೆ ಹೊರಟು ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ನಿಂತೆವು. ಈ ಆಟ ಹುಟ್ಟಿದ್ದು ಇಲ್ಲಿ. 1891ರ ಡಿಸೆಂಬರಿನಲ್ಲಿ, ಕ್ರೈಸ್ತ ಯುವಕರ ಸಂಘದ ತರಬೇತಿ ಶಾಲೆಯಲ್ಲಿ ಜೇಮ್ಸ್ ನೇಯ್‌ಸ್ಮಿತ್ ಎಂಬ ಕೆನಡದ ಉಪಾಧ್ಯಾಯನಿಗೆ, ಚಳಿಗಾಲದಲ್ಲಿ ಒಳಗೇ ಕೂಡಿಬಿದ್ದು ತಂಟೆ ಮಾಡುತ್ತಿದ್ದ ಹದಿನೆಂಟು ಹುಡುಗರಿಗೆ ಏನಾದರೂ ಕೆಲಸ ಕೊಡಬೇಕಾಗಿತ್ತು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತಡಿ ಎತ್ತರದ ಮೊಗಸಾಲೆಯ ಕಟಕಟೆಗೆ ಬಡಿಸಿ, ಹದಿಮೂರು ನಿಯಮ ಬರೆದು ಗೋಡೆಗೆ ಅಂಟಿಸಿದ. ಬುಟ್ಟಿಗೆ ತಳವಿದ್ದುದರಿಂದ ಚೆಂಡು ಬಿದ್ದಾಗಲೆಲ್ಲ ಅದನ್ನು ಯಾರಾದರೂ ಹೊರತೆಗೆಯಬೇಕು! ಆ ಮೊದಲ ಪಂದ್ಯದಲ್ಲಿ ಚೆಂಡು ಬುಟ್ಟಿಗೆ ಬಿದ್ದದ್ದು ಒಂದೇ ಸಲ. ಬುಟ್ಟಿಯ ಎತ್ತರ ಇಂದಿಗೂ ಅದೇ ಹತ್ತಡಿ. ಆಡುವವರ ಎತ್ತರ ಮಾತ್ರ ಬೆಳೆದಿದೆ. ತಂಟೆಯ ಮಕ್ಕಳನ್ನು ಸಂಭಾಳಿಸಲು ಮೇಷ್ಟರು ಹೂಡಿದ ಉಪಾಯವೆಂದು ತಿಳಿದ ಮೇಲೆ ಈ ಆಟದ ಮೇಲೆ ನನಗೆ ಸ್ವಜಾತಿಯ ಅಭಿಮಾನ ಬಂದಿತೆಂದು ಒಪ್ಪಿಕೊಳ್ಳುತ್ತೇನೆ.

ನ್ಯೂಯಾರ್ಕಿನ ಕ್ರೀಡಾಮಂದಿರವೂ ರೈಲು ನಿಲ್ದಾಣದ ಮೇಲೆಯೇ ಕೂತಿದೆ. ಪೆನ್ಸಿಲ್ವೇನಿಯ ನಿಲ್ದಾಣದ ಭವ್ಯವಾದ ಕಂಬಗಳ ಕಟ್ಟಡವನ್ನು ಕೆಡವಿ, 1968ರಲ್ಲಿ ಈ ದುಂಡು ಡಬ್ಬಿಯನ್ನು ತಂದಿಟ್ಟರು. ಹೆಸರು ಮ್ಯಾಡಿಸನ್ ಚೌಕದ ಉದ್ಯಾನ. ಅಲ್ಲಿ ಮ್ಯಾಡಿಸನ್ ಚೌಕವೂ ಇಲ್ಲ, ಉದ್ಯಾನವೂ ಇಲ್ಲ. ಇಲ್ಲಿನ ನಿಕ್ಸ್ ತಂಡ ಗೆದ್ದ ವರ್ಷಗಳೆಂದು ಊರಿನವರು ಜಪಿಸುವುದು 1970 ಮತ್ತು 1973. 1970ರ ಮೇ 8ರಂದು ನಡೆದ ಕೊನೆಯ ಪಂದ್ಯಕ್ಕೆ ತಂಡದ ನಾಯಕ ವಿಲ್ಲಿಸ್ ರೀಡ್ ತೊಡೆಯ ಸ್ನಾಯು ಹರಿದಿದ್ದರೂ ಕುಂಟುತ್ತಾ ಅಂಗಣಕ್ಕೆ ಬಂದ. ಮೊದಲ ಎರಡು ಎಸೆತಗಳನ್ನು ಬುಟ್ಟಿಗೆ ಹಾಕಿದ. ಆಮೇಲೆ ಅವನಿಂದ ಒಂದು ಅಂಕವೂ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಉಳಿದುದನ್ನು ವಾಲ್ಟ್ ಫ್ರೇಜಿಯರ್ ಮೂವತ್ತಾರು ಅಂಕ ಹೊಡೆದು ಪೂರೈಸಿದ. 1973ರ ಆಚೆ ಅರ್ಧ ಶತಮಾನ ಉರುಳಿದರೂ ಮೂರನೆಯ ಗೆಲುವು ಬರಲಿಲ್ಲ. ಆದರೂ ಆ ಡಬ್ಬಿಯ ಬಾಗಿಲಲ್ಲಿ ಸಾಲು ಕರಗಿದ್ದಿಲ್ಲ.

ನನ್ನ ಮನಸ್ಸು ಹಿಡಿದದ್ದು ಈ ಮಂದಿರಕ್ಕೆ ಹಿಂದಿನ, ಎಂಟನೆಯ ಹೆದ್ದಾರಿಯಲ್ಲಿದ್ದ ಅದೇ ಹೆಸರಿನ ಮಂದಿರದ ಕಥೆ. ಅಲ್ಲಿ ಕಾಲೇಜು ಹುಡುಗರ ಪಂದ್ಯಗಳಿಗೆ ಜನ ಕಿಕ್ಕಿರಿಯುತ್ತಿದ್ದರು. 1950ರಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜು, ಬಡವರ ಮಕ್ಕಳು ಶುಲ್ಕವಿಲ್ಲದೆ ಓದುತ್ತಿದ್ದ ಕಾಲೇಜು, ದೇಶದ ಎರಡೂ ದೊಡ್ಡ ಪಂದ್ಯಾವಳಿಗಳನ್ನು ಒಂದೇ ವರ್ಷ ಗೆದ್ದಿತು. ಮರುವರ್ಷ ಅದೇ ಹುಡುಗರನ್ನು ಪೋಲೀಸರು ಹಿಡಿದರು. ಅವರ ಮೇಲಿದ್ದ ಆಪಾದನೆ, ಅಂಗಡಿಯವರು ಹೇರಿದ ಅಂಕಗಳ ಭಾರಕ್ಕಿಂತ ಕಡಮೆ ಅಂತರದಲ್ಲಿ ಗೆಲ್ಲುವಂತೆ ಜೂಜುಗಾರರಿಂದ ಹಣ ಪಡೆದದ್ದು. ವಿಚಾರಣೆ ಮುಗಿಯುವ ಹೊತ್ತಿಗೆ ಏಳು ಕಾಲೇಜುಗಳ ಮೂವತ್ತೆರಡು ಆಟಗಾರರು ಸಿಕ್ಕಿಬಿದ್ದಿದ್ದರು. ಸೋಲಬೇಕಾಗಿಲ್ಲ, ಗೆಲ್ಲು, ಆದರೆ ಸ್ವಲ್ಪವೇ ಗೆಲ್ಲು ಎಂದು ಹೇಳಿದರೆ ಹದಿಹರೆಯದ ಹುಡುಗನ ಅಂತಃಸಾಕ್ಷಿ ಎಷ್ಟು ಹೊತ್ತು ಎದುರು ನಿಂತೀತು? ಶಕುನಿಯ ದಾಳವೂ ಇಷ್ಟು ನಯವಾಗಿ ಉರುಳಿರಲಾರದು.

ಇನ್ನೊಂದು ಸ್ವಾರಸ್ಯ ಹೇಳುತ್ತೇನೆ. 1970ರಲ್ಲೂ 1973ರಲ್ಲೂ ಗೆದ್ದ ತಂಡದಲ್ಲಿದ್ದ ಬಿಲ್ ಬ್ರಾಡ್ಲಿ ಆಮೇಲೆ ನ್ಯೂ ಜೆರ್ಸಿ ರಾಜ್ಯದಿಂದ ಸೆನೆಟಿಗೆ ಆರಿಸಿಬಂದ. ಆಟದ ಮೇಲೆ ಪಣ ಕಟ್ಟಿಸುವುದಕ್ಕೆ ರಾಜ್ಯಗಳು ಹೊಸದಾಗಿ ಅನುಮತಿ ಕೊಡಬಾರದೆಂಬ 1992ರ ಕಾಯಿದೆಯ ಹಿಂದೆ ನಿಂತವನು ಈತ. ತಾನು ಆಡಿದ ಆಟ ಇಸ್ಪೀಟಿನ ಎಲೆಯಾಗಬಾರದೆಂಬುದು ಅವನ ಹಟ. ಆ ಕಾಯಿದೆಯ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿ ಗೆದ್ದದ್ದು ಅವನದೇ ನ್ಯೂ ಜೆರ್ಸಿ. 2018ರ ಮೇ 14ರಂದು ಸರ್ವೋಚ್ಚ ನ್ಯಾಯಾಲಯ ಕಾಯಿದೆಯನ್ನು ತಳ್ಳಿಹಾಕಿತು. 2019ರಲ್ಲಿ ಪೆನ್ಸಿಲ್ವೇನಿಯ, 2022ರ ಜನವರಿಯಲ್ಲಿ ನ್ಯೂಯಾರ್ಕ್, 2023ರ ಮಾರ್ಚಿನಲ್ಲಿ ಮ್ಯಾಸಚೂಸೆಟ್ಸ್, ಹೀಗೆ ಒಂದೊಂದಾಗಿ ರಾಜ್ಯಗಳು ಪಣವನ್ನು ಜನರ ಕೈಯೊಳಗಿನ ಫೋನಿಗೇ ತಂದು ಇಳಿಸಿದವು. ನಮ್ಮ ಹುಡುಗ ಬಾಸ್ಟನ್ನಿನಲ್ಲಿ ಕೆಲಸಕ್ಕೆ ಸೇರಿದ್ದೂ 2023ರಲ್ಲಿಯೇ.

ನದಿಯಾಚೆಯ ಬ್ರೂಕ್ಲಿನ್ನಿಗೆ ನೆಲದಡಿಯ ರೈಲಿನಲ್ಲಿ ಹೋದೆವು. ಅಲ್ಲಿನ ನೆಟ್ಸ್ ತಂಡದ ಚರಿತ್ರೆಯನ್ನು ಓದಿದರೆ ಮನೆ ಬದಲಾಯಿಸಿಯೇ ಆಯುಷ್ಯ ಕಳೆದ ಬಾಡಿಗೆದಾರರ ನೆನಪಾಗುತ್ತದೆ. 1967ರಲ್ಲಿ ನ್ಯೂ ಜೆರ್ಸಿಯಲ್ಲಿ, ಬೇರೊಂದು ಕೂಟದಲ್ಲಿ, ಬೇರೊಂದು ಹೆಸರಿನಲ್ಲಿ ಹುಟ್ಟಿತು. ಮೊದಲ ವರ್ಷವೇ ಒಂದು ನಿರ್ಣಾಯಕ ಪಂದ್ಯಕ್ಕೆ ಸ್ವಂತ ಅಂಗಣ ಸಿಗದೆ ಬೇರೆ ಊರಿಗೆ ಹೋದರೆ ಅಲ್ಲಿನ ನೆಲದ ಹಲಗೆಗಳೇ ಕಾಣೆಯಾಗಿದ್ದವು. ಪಂದ್ಯವನ್ನು ಆಡದೆಯೇ ಬಿಟ್ಟುಕೊಡಬೇಕಾಯಿತು. ಜೂಲಿಯಸ್ ಇರ್ವಿಂಗ್ ಎಂಬ ಗಗನವಿಹಾರಿಯ ಬಲದಿಂದ 1974 ಮತ್ತು 1976ರಲ್ಲಿ ಆ ಕೂಟವನ್ನು ಗೆದ್ದಿತು. 1976ರಲ್ಲಿ ದೊಡ್ಡ ಕೂಟಕ್ಕೆ ಸೇರಬೇಕೆಂದಾಗ, ತಮ್ಮ ಸೀಮೆಗೆ ಬಂದದ್ದಕ್ಕೆ ಪರಿಹಾರವೆಂದು ನಿಕ್ಸ್ ತಂಡದವರು ನಾಲ್ವತ್ತೆಂಟು ಲಕ್ಷ ಡಾಲರ್ ಕೇಳಿದರು. ಕೈಯಲ್ಲಿ ಹಣವಿಲ್ಲದೆ ಇರ್ವಿಂಗನನ್ನು ಫಿಲಡೆಲ್ಫಿಯಕ್ಕೆ ಮೂವತ್ತು ಲಕ್ಷಕ್ಕೆ ಮಾರಿದರು. ಪ್ರವೇಶಶುಲ್ಕಕ್ಕಾಗಿ ಮನೆಯ ದೀಪವನ್ನೇ ಒತ್ತೆಯಿಟ್ಟಂತೆ. 2012ರಲ್ಲಿ ಬ್ರೂಕ್ಲಿನ್ನಿಗೆ ಬಂದು ನೆಲೆಸುವವರೆಗೆ ಅಲೆದಾಟ ಮುಗಿಯಲಿಲ್ಲ.

ಅದೇ ಬ್ರೂಕ್ಲಿನ್ನಿನಲ್ಲಿ ಕೇಂದ್ರ ನ್ಯಾಯಾಲಯವೊಂದಿದೆ. ಈ ಆಟದ ಪಣದ ಕಥೆಗಳು ಕೊನೆಗೆ ಬಂದು ನಿಲ್ಲುವುದು ಆ ಕಟ್ಟಡದಲ್ಲಿ. ತಾನು ತೀರ್ಪುಗಾರನಾಗಿದ್ದ ಆಟದ ಮೇಲೆಯೇ ಪಣ ಕಟ್ಟಿದ ಟಿಮ್ ಡೊನಾಗಿ 2007ರಲ್ಲಿ ತಪ್ಪೊಪ್ಪಿಕೊಂಡದ್ದು ಅಲ್ಲಿ. ಮರುವರ್ಷ ಹದಿನೈದು ತಿಂಗಳ ಸೆರೆಮನೆ ವಿಧಿಸಿದ್ದೂ ಅಲ್ಲಿ. ಆ ಕಟ್ಟಡದ ಮುಂದೆ ಹಾದುಹೋಗುವಾಗ ಹುಡುಗ ಹೆಜ್ಜೆ ಚುರುಕು ಮಾಡಿದ. ಚಳಿಗೆಂದು ನಾನು ತಿಳಿದೆ.

ಫಿಲಡೆಲ್ಫಿಯದಲ್ಲಿ ಪಂದ್ಯದ ಚೀಟಿ ದುಬಾರಿಯೆಂದು ಒಳಗೆ ಹೋಗಲಿಲ್ಲ. ಊರ ದಕ್ಷಿಣದ ತುದಿಯಲ್ಲಿರುವ ಅಂಗಣವನ್ನು ಹೊರಗಿನಿಂದ ನೋಡಿ ಬಂದೆವು. ವಿಲ್ಟ್ ಚೇಂಬರ್ಲಿನ್ ಹುಟ್ಟಿದ ಊರಿದು. ಇಲ್ಲಿನ ಹಳೆಯ ತಂಡಕ್ಕಾಗಿ 1962ರ ಮಾರ್ಚ್ 2ರಂದು ಹರ್ಷಿ ಎಂಬ ಚಾಕೊಲೇಟಿನ ಊರಿನಲ್ಲಿ, ನಾಲ್ಕು ಸಾವಿರ ಚಿಲ್ಲರೆ ಜನರೆದುರು, ನಿಕ್ಸ್ ತಂಡದ ಮೇಲೆ ಅವನೊಬ್ಬನೇ ನೂರು ಅಂಕ ಹೊಡೆದ. ಆ ತಂಡ ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೊಗೆ ಗುಳೆ ಹೋಯಿತು. ಮರುವರ್ಷ ಸಿರಾಕ್ಯೂಸ್ ಎಂಬ ಊರಿನ ತಂಡ ಇಲ್ಲಿಗೆ ಬಂದು 'ಎಪ್ಪತ್ತಾರರವರು' ಎಂಬ ಹೆಸರು ತಾಳಿತು. ಅಮೆರಿಕದ ಸ್ವಾತಂತ್ರ್ಯಘೋಷಣೆ ಹೊರಟ 1776ನೆಯ ವರ್ಷದ ನೆನಪಿಗೆ. 1967ರಲ್ಲಿ ಚೇಂಬರ್ಲಿನ್‌ನೊಡನೆ, 1983ರಲ್ಲಿ ಮೋಸೆಸ್ ಮೆಲೋನ್ ಮತ್ತು ಆ ಕೊಂಡು ತಂದ ಇರ್ವಿಂಗ್ ಅವರೊಡನೆ ಗೆದ್ದ ತಂಡವೇ 1972-73ರಲ್ಲಿ ಎಂಬತ್ತೆರಡು ಪಂದ್ಯಗಳಲ್ಲಿ ಒಂಬತ್ತನ್ನು ಮಾತ್ರ ಗೆದ್ದಿತ್ತು. ಇನ್ನೂ ಈಚೆಗೆ, 2013ರ ಬಳಿಕ, ಕೆಳಗಿನ ಸ್ಥಾನದಲ್ಲಿರುವ ತಂಡಗಳಿಗೆ ಒಳ್ಳೆಯ ಹೊಸ ಆಟಗಾರರನ್ನು ಆರಿಸುವ ಅವಕಾಶ ಮೊದಲು ಸಿಗುವುದರಿಂದ, ಸೋಲನ್ನೇ ಯೋಜನೆಯಾಗಿ ಇಟ್ಟುಕೊಂಡು ಮೂರು ವರ್ಷ ನಡೆಸಿದರು. 2015-16ರಲ್ಲಿ ಹತ್ತು ಗೆಲುವು, ಎಪ್ಪತ್ತೆರಡು ಸೋಲು. ಚೀಟಿ ಕೊಂಡು ಬಂದ ಜನ ಅದನ್ನೂ ಹುರುಪಿನಿಂದ ನೋಡಿದರಂತೆ. ಫಿಲಡೆಲ್ಫಿಯದವರ ಸಹನೆಯನ್ನು ಹೊಗಳಬೇಕೊ ಮರುಗಬೇಕೊ ನನಗೆ ತಿಳಿಯದು.

ಆ ರಾತ್ರಿ ಹೆದ್ದಾರಿಯ ಪಕ್ಕದ ವಸತಿಗೃಹದಲ್ಲಿ, ನನ್ನಾಕೆ ತಮ್ಮನಿಗೆಂದು ಕಟ್ಟಿಕೊಟ್ಟಿದ್ದ ಪುಳಿಯೋಗರೆ ಗೊಜ್ಜಿನಲ್ಲಿ ಅನ್ನ ಕಲಸಿ ಉಂಡು, ನಾನೇ ಕಾಗದ ಪೆನ್ನು ತೆಗೆದೆ. "ಈ ದರಗಳ ಲೆಕ್ಕ ನನಗೆ ಹೇಳಿಕೊಡು" ಎಂದೆ. ಹುಡುಗ ಗಣಿತದಲ್ಲಿ ಚುರುಕು, ಉತ್ಸಾಹದಿಂದಲೇ ಹೇಳಿಕೊಟ್ಟ.

ವಿಭಾಗದ ಐದು ತಂಡಗಳಲ್ಲಿ ಯಾವುದು ಮೊದಲ ಸ್ಥಾನ ಪಡೆಯುತ್ತದೆಂಬುದಕ್ಕೆ ಋತುವಿನ ಆರಂಭದಲ್ಲಿಯೇ ದರ ಹಚ್ಚುತ್ತಾರೆ. ಹೆಸರಿನ ಮುಂದೆ ಕಳೆಯುವ ಚಿಹ್ನೆಯೊಡನೆ 150 ಎಂದಿದ್ದರೆ, ನೂರು ಡಾಲರ್ ಲಾಭಕ್ಕೆ ನೂರೈವತ್ತು ಕಟ್ಟಬೇಕು. ಕೂಡುವ ಚಿಹ್ನೆಯೊಡನೆ 200 ಎಂದಿದ್ದರೆ ನೂರು ಕಟ್ಟಿದವನಿಗೆ ಇನ್ನೂರು ಲಾಭ. ಮಾದರಿಗೆಂದು ಅವನು ಐದು ಅಂಕಿ ಬರೆದ: ಕಳೆಯುವ 150, ಕೂಡುವ 200, 500, 1200, 5000. ಪ್ರತಿಯೊಂದು ದರದೊಳಗೂ ಒಂದು ಸಂಭವದ ಪ್ರಮಾಣ ಅಡಗಿರುತ್ತದೆ. ಮೊದಲನೆಯದರಲ್ಲಿ ನೂರಕ್ಕೆ 60, ಎರಡನೆಯದರಲ್ಲಿ 33.3, ಮೂರನೆಯದರಲ್ಲಿ 16.7, ಆಮೇಲೆ 7.7, ಕೊನೆಯದರಲ್ಲಿ 2.

"ಕೂಡು" ಎಂದೆ.

ಕೂಡಿದ. 119.7 ಆಯಿತು.

"ಗೆಲ್ಲುವುದು ಒಂದೇ ತಂಡ. ಎಲ್ಲ ಸಂಭವವೂ ಸೇರಿ ನೂರಾಗಬೇಕಲ್ಲವೆ? ಮಿಕ್ಕ ಹತ್ತೊಂಬತ್ತು ಮುಕ್ಕಾಲು ಯಾರದು?"

ಹುಡುಗ ಮಾತಾಡಲಿಲ್ಲ. ಅವನಿಗೆ ಗೊತ್ತಿರದ ವಿಷಯವಲ್ಲ ಅದು. ಅಂಗಡಿಯವನು ಪ್ರತಿಯೊಂದು ತಂಡವನ್ನೂ ಅದರ ನಿಜವಾದ ಯೋಗ್ಯತೆಗಿಂತ ಸ್ವಲ್ಪ ಹೆಚ್ಚಿನ ಬೆಲೆಗೆ ಮಾರುತ್ತಾನೆ. ಅಂಕಗಳ ಭಾರದ ಪಣದಲ್ಲಿಯೂ ಇದೇ ಕತೆ, ಪ್ರಮಾಣ ಕಡಮೆ ಅಷ್ಟೆ. ಸಾಮಾನ್ಯವಾಗಿ ನೂರು ಗೆಲ್ಲಲು ನೂರಹತ್ತು ಕಟ್ಟಬೇಕು. ಇಬ್ಬರು ಎರಡು ಕಡೆ ಕಟ್ಟಿದರೆ ಅಂಗಡಿಗೆ ಬಂದದ್ದು ಇನ್ನೂರಿಪ್ಪತ್ತು; ಗೆದ್ದವನಿಗೆ ಹೋದದ್ದು ಇನ್ನೂರಹತ್ತು. ಯಾರು ಸೋತರೂ ಗೆದ್ದರೂ ಹತ್ತು ಡಾಲರ್ ಪೆಟ್ಟಿಗೆಗೆ ಬಿತ್ತು. ಕಟ್ಟುವವನು ನೂರರಲ್ಲಿ ಐವತ್ತೆರಡೂವರೆಯಷ್ಟು ಸಲ ಸರಿಯಾಗಿ ಊಹಿಸಿದರೆ ಅಸಲು ಉಳಿಯುತ್ತದೆ. ಇನ್ನು ನಾಲ್ಕೈದು ಪಣಗಳನ್ನು ಒಂದೇ ದಾರದಲ್ಲಿ ಪೋಣಿಸಿ, ಎಲ್ಲವೂ ನಿಜವಾದರೆ ಮಾತ್ರ ಹಣವೆನ್ನುವ ಸರಪಣಿ ಪಣಗಳಿವೆ. ಅವುಗಳಲ್ಲಿ ಈ ಸುಂಕ ಕೊಂಡಿಯಿಂದ ಕೊಂಡಿಗೆ ಬೆಳೆಯುತ್ತದೆ. ನೆತ್ತ ಎಂಬ ಹಳಗನ್ನಡದ ಮಾತನ್ನು ತರಗತಿಯಲ್ಲಿ ವಿವರಿಸುವಾಗ, ಧರ್ಮರಾಯನ ಎದುರು ಕುಳಿತ ಶಕುನಿಯಾದರೂ ಗೆಲ್ಲಲು ಪ್ರತಿಸಲವೂ ದಾಳ ಉರುಳಿಸಬೇಕಾಗಿತ್ತೆಂದು ಇನ್ನು ಮೇಲೆ ಹೇಳಬೇಕೆಂದುಕೊಂಡೆ. ಈ ಶಕುನಿಗೆ ಆ ಶ್ರಮವೂ ಇಲ್ಲ.

ಮರುದಿನ ಉತ್ತರಕ್ಕೆ ಹೊರಟು, ಮಧ್ಯಾಹ್ನದ ಹೊತ್ತಿಗೆ ಸಿರಾಕ್ಯೂಸ್ ತಲುಪಿದೆವು. ತಂಡವನ್ನು ಕಳೆದುಕೊಂಡ ಆ ಊರಿನ ಹಳೆಯ ಪೇಟೆಯ ಚೌಕವೊಂದರಲ್ಲಿ ಒಂದು ಗಡಿಯಾರ ನಿಂತಿದೆ. ಅದು ಹೊತ್ತು ತೋರಿಸುವುದಿಲ್ಲ; ಇಪ್ಪತ್ತನಾಲ್ಕರಿಂದ ಸೊನ್ನೆಯವರೆಗೆ ಇಳಿಯುತ್ತದೆ. ಇದರ ಹಿಂದೆಯೂ ಒಂದು ಕತೆಯಿದೆ. ಮೊದಲಿಗೆ ಮುಂದಿರುವ ತಂಡ ಚೆಂಡನ್ನು ಎಸೆಯದೆ ತನ್ನಲ್ಲೇ ಇಟ್ಟುಕೊಂಡು ಕಾಲ ತಳ್ಳುತ್ತಿತ್ತು. 1950ರ ನವೆಂಬರಿನಲ್ಲಿ ಒಂದು ಪಂದ್ಯ 19-18ರಲ್ಲಿ ಮುಗಿಯಿತು; ನೋಡಿದವರು ಬೇಸತ್ತರು. ಸಿರಾಕ್ಯೂಸ್ ತಂಡದ ಒಡೆಯ ಡ್ಯಾನಿ ಬಿಯಸೋನ್ ಲೆಕ್ಕ ಹಾಕಿದ: ಜನ ಮೆಚ್ಚುವ ಪಂದ್ಯದಲ್ಲಿ ಎರಡೂ ಕಡೆ ಸೇರಿ ಸುಮಾರು ನೂರಿಪ್ಪತ್ತು ಎಸೆತ. ಪಂದ್ಯದ ನಾಲ್ವತ್ತೆಂಟು ನಿಮಿಷವೆಂದರೆ 2880 ಸೆಕೆಂಡು. ಭಾಗಿಸಿದರೆ ಇಪ್ಪತ್ತನಾಲ್ಕು. ಅಷ್ಟರೊಳಗೆ ಎಸೆಯದಿದ್ದರೆ ಚೆಂಡು ಎದುರಾಳಿಗೆ. 1954ರಿಂದ ಇದೇ ನಿಯಮ. ಆಟ ಬದುಕಿಕೊಂಡಿತು. ಆ ಋತುವಿನಲ್ಲಿಯೇ, 1955ರಲ್ಲಿ, ಸಿರಾಕ್ಯೂಸ್ ತಂಡ ಗೆದ್ದಿತು. ಎಂಟು ವರ್ಷದ ನಂತರ ಊರು ಬಿಟ್ಟಿತು.

ಹಿಮದಲ್ಲಿ ನಿಂತು ಆ ಅಂಕಿಗಳು ಇಳಿಯುವುದನ್ನು ನೋಡುತ್ತಾ ಹುಡುಗ ತಾನಾಗಿಯೇ ಹೇಳಿದ. "ಫೋನಿನಲ್ಲಿ ಆಟ ನಡೆಯುತ್ತಿರುವಾಗಲೂ ಕಟ್ಟಬಹುದು ಭಾವ. ಮುಂದಿನ ಬುಟ್ಟಿ ಯಾರದು, ಈ ಕಾಲು ಭಾಗದಲ್ಲಿ ಯಾರಿಗೆ ಎಷ್ಟು, ಎಲ್ಲಕ್ಕೂ ದರವಿದೆ. ಇಷ್ಟೇ ಹೊತ್ತು," ಎಂದು ಗಡಿಯಾರದ ಕಡೆ ಕೈ ತೋರಿಸಿದ, "ಇಷ್ಟರೊಳಗೆ ದರ ಬದಲಾಗುತ್ತೆ. ಯೋಚನೆ ಮಾಡೋಕೆ ಬಿಡಲ್ಲ."

"ಎಷ್ಟು ಹೋಗಿದೆ?"

"ಹದಿನೆಂಟು ಸಾವಿರ." ಸ್ವಲ್ಪ ತಡೆದು, "ಡಾಲರ್" ಎಂದ, ನಾನು ರೂಪಾಯಿಯೆಂದು ತಿಳಿದೇನೆಂಬ ಭಯದಿಂದಲೊ, ಆಸೆಯಿಂದಲೊ.

ನಾನು ಬೈಯಲಿಲ್ಲ. ಬೈಯಲು ಬಾಯಿ ಬರಲಿಲ್ಲವೆಂಬುದೇ ನಿಜ. ತೋಟದ ಬದುವಿನಲ್ಲಿ ನಿಂತ ಮಾವನವರ ಮುಖ ಕಣ್ಣೆದುರು ಬಂದಿತು. ಗೆದ್ದಾಗ ಅಪ್ಪನಿಗೆ ಒಟ್ಟಿಗೇ ಕಳಿಸೋಣವೆಂದು ಒಂದು ಕಂತು ತಡೆದನಂತೆ; ಆಮೇಲೆ ಹೋದದ್ದನ್ನು ಹಿಂದಕ್ಕೆ ತರಲೆಂದು ಇನ್ನೊಂದು. ಐದು ತಿಂಗಳು ಹಾಗೆ ಕಳೆಯಿತು. ಕಾರಿನೊಳಗೆ ಕುಳಿತ ಮೇಲೆ ಅವನು ಸ್ವಲ್ಪ ಹೊತ್ತು ಅತ್ತ. ನಾನು ರಸ್ತೆ ನೋಡುತ್ತಿದ್ದೆ. ಬಫಲೊ ಬಂತು, ಹೋಯಿತು. ಆ ಊರಿಗೂ ಒಮ್ಮೆ ಈ ವಿಭಾಗದಲ್ಲಿ ಒಂದು ತಂಡವಿತ್ತು. 1978ರಲ್ಲಿ ಅದೂ ಎದ್ದು ಹೋಯಿತು. ಆ ಇಡೀ ದಾರಿಯಲ್ಲಿ ಅವನು ಹೇಳಿದ ಚರಿತ್ರೆಯ ಸಂಗತಿ ಅದೊಂದೇ.

ಟೊರಾಂಟೊ ನಗರಕ್ಕೆ ಈ ಕೂಟದ ಇತಿಹಾಸದಲ್ಲಿ ಒಂದು ಹಿರಿತನವಿದೆ. ಕೂಟದ ಮೊತ್ತಮೊದಲ ಪಂದ್ಯ ನಡೆದದ್ದು 1946ರ ನವೆಂಬರ್ 1ರಂದು ಇಲ್ಲಿ. ಆಡಿದವರು ನ್ಯೂಯಾರ್ಕಿನ ನಿಕ್ಸ್ ಮತ್ತು ಟೊರಾಂಟೊದ ಹಸ್ಕೀಸ್. ನಿಕ್ಸ್ 68-66ರಲ್ಲಿ ಗೆದ್ದರು. ಮನೆಯ ತಂಡದ ಅತಿ ಎತ್ತರದ ಆಟಗಾರನಿಗಿಂತ ಎತ್ತರವಿದ್ದವರಿಗೆ ಪುಕ್ಕಟೆ ಪ್ರವೇಶವೆಂದು ಸಾರಿದ್ದರಂತೆ. ಆ ತಂಡ ಒಂದೇ ವರ್ಷದಲ್ಲಿ ಮುಚ್ಚಿತು. ಮತ್ತೆ ಇಲ್ಲಿ ತಂಡ ಬಂದದ್ದು 1995ರಲ್ಲಿ, ಪುರಾತನ ಹಲ್ಲಿಯೊಂದರ ಹೆಸರಿನಲ್ಲಿ.

ಆ ತಂಡವನ್ನು ಕೊಡುವ ಮುನ್ನ ಕೂಟದವರು ಹಾಕಿದ ಷರತ್ತು ಕೇಳಿ. ಒಂಟಾರಿಯೊ ಪ್ರಾಂತ ಸರ್ಕಾರದ ಲಾಟರಿಯಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯಗಳ ಮೇಲೂ ಪಣ ಕಟ್ಟಿಸುತ್ತಿದ್ದರು. ಅದನ್ನು ನಿಲ್ಲಿಸಿದರೆ ಮಾತ್ರ ತಂಡವೆಂದು ಪಟ್ಟುಹಿಡಿದರು. 1994ರಲ್ಲಿ ಸರ್ಕಾರ ಮಣಿಯಿತು. ಬದಲಿಗೆ ತಂಡದವರು ಧರ್ಮಕಾರ್ಯಗಳಿಗೆ ಹಣ ಕೊಡಲೊಪ್ಪಿದರು. ಅಷ್ಟು ಮಡಿ! ಇಪ್ಪತ್ತು ವರ್ಷ ಕಳೆಯಿತು. 2014ರಲ್ಲಿ ಅದೇ ಕೂಟದ ಮುಖ್ಯಸ್ಥ ಆಡಮ್ ಸಿಲ್ವರ್, ಪಣವನ್ನು ಕಾನೂನಿನ ಬೆಳಕಿಗೆ ತಂದು ನಿಯಂತ್ರಿಸಬೇಕೆಂದು ಪತ್ರಿಕೆಗೆ ಲೇಖನ ಬರೆದ. 2018ರಲ್ಲಿ ಕೂಟವೇ ಜೂಜಿನ ಸಂಸ್ಥೆಯೊಂದನ್ನು ಅಧಿಕೃತ ಪಾಲುದಾರನೆಂದು ಸ್ವೀಕರಿಸಿತು. ಕದ್ದು ನಡೆಯುವುದನ್ನು ಬೆಳಕಿಗೆ ತಂದರೆ ಮೋಸ ಬಲುಬೇಗ ಸಿಕ್ಕಿಬೀಳುತ್ತದೆಂಬುದು ಅವರ ವಾದ. ವಾದದಲ್ಲಿ ಹುರುಳಿಲ್ಲದಿಲ್ಲ, ಏಕೆಂದರೆ ಸಿಕ್ಕಿಬಿದ್ದದ್ದೂ ಹಾಗೆಯೇ, ಅದೂ ಇದೇ ಟೊರಾಂಟೊದಲ್ಲಿ. 2024ರ ಮಾರ್ಚ್ 20ರಂದು ಜಾಂಟೆ ಪೋರ್ಟರ್ ಎಂಬ ಇಲ್ಲಿನ ಆಟಗಾರ ಮೂರು ನಿಮಿಷವೂ ಆಡದೆ ಮೈ ಸರಿಯಿಲ್ಲವೆಂದು ಹೊರನಡೆದ. ಅವನು ಕಡಮೆ ಅಂಕ ಗಳಿಸುವನೆಂದು ಎಂಬತ್ತು ಸಾವಿರ ಡಾಲರಿನ ಸರಪಣಿ ಪಣವೊಂದು ಮೊದಲೇ ಬಿದ್ದಿತ್ತು. ಗೆದ್ದಿದ್ದರೆ ಹನ್ನೊಂದು ಲಕ್ಷ. ಅಂಗಡಿಯವರಿಗೆ ಸಂಶಯ ಬಂದು ಹಣ ತಡೆದರು. ಏಪ್ರಿಲಿನಲ್ಲಿ ಕೂಟ ಅವನನ್ನು ಆಜೀವ ಹೊರಹಾಕಿತು. ಜುಲೈಯಲ್ಲಿ ಬ್ರೂಕ್ಲಿನ್ನಿನ ಅದೇ ನ್ಯಾಯಾಲಯದಲ್ಲಿ ಅವನು ತಪ್ಪೊಪ್ಪಿಕೊಂಡ. ಜೂಜಿನ ಸಾಲ ತೀರಿಸುವ ದಾರಿ ಕಾಣದೆ ಸಾಲ ಕೊಟ್ಟವರ ಮಾತಿಗೆ ತಲೆಯೊಡ್ಡಿದನೆಂದು ವಿಚಾರಣೆಯಲ್ಲಿ ಹೊರಬಂದಿತು. ಆಗ ಅವನಿಗೆ ಇಪ್ಪತ್ತನಾಲ್ಕು ವಯಸ್ಸು. ನಮ್ಮ ಹುಡುಗನಿಗಿಂತ ಎರಡು ವರ್ಷ ಕಿರಿಯ.

ಇಷ್ಟಾದರೂ ಊರು ತನ್ನ ತಂಡವನ್ನು ಪ್ರೀತಿಸುವುದನ್ನು ಬಿಟ್ಟಿಲ್ಲ. 2019ರಲ್ಲಿ ಫಿಲಡೆಲ್ಫಿಯದ ಮೇಲಿನ ಏಳನೆಯ ಪಂದ್ಯದಲ್ಲಿ ಕವಾಯ್ ಲೆನರ್ಡ್ ಕೊನೆಯ ಕ್ಷಣದಲ್ಲಿ ಎಸೆದ ಚೆಂಡು ಬುಟ್ಟಿಯ ಬಳೆಯ ಮೇಲೆ ನಾಲ್ಕು ಬಾರಿ ಪುಟಿದು ಒಳಗೆ ಬಿದ್ದದ್ದನ್ನು ಇಲ್ಲಿನ ಕಾಫಿ ಅಂಗಡಿಯವನೊಬ್ಬ ಕೈಸನ್ನೆ ಮಾಡಿ ನನಗೆ ತೋರಿಸಿದ. ಆ ವರ್ಷ ಟೊರಾಂಟೊ ಗೆದ್ದಿತು. ಗೆದ್ದವರಿಗೆ ಕೊಡುವ ಉಂಗುರವನ್ನು, 1995ರಿಂದ ಮನೆಯಂಗಣದ ಪಂದ್ಯಗಳಿಗೆ ತಪ್ಪದೆ ಬಂದ ನವ್ ಭಾಟಿಯ ಎಂಬ ಸಿಖ್ ಸಜ್ಜನರಿಗೂ ತೊಡಿಸಿದರು. ಆಡದೆ, ಆಡಿಸದೆ, ಬರಿಯ ನೋಡಿದ್ದಕ್ಕೆ ಉಂಗುರ! ನೋಡುವುದಕ್ಕೂ ಅಲ್ಲಿ ಒಂದು ಬೆಲೆಯಿದೆಯೆಂದು ನೋಡಲೆಂದೇ ಬಂದಿದ್ದ ನನಗೆ ಸಮಾಧಾನವಾಯಿತು.

ಆ ಸಂಜೆ ಸರೋವರದ ದಂಡೆಯ ಬೆಂಚಿನ ಮೇಲೆ ಕುಳಿತು ತಿಪಟೂರಿಗೆ ಫೋನು ಮಾಡಿದೆವು. ಅಲ್ಲಿ ಬೆಳಗಿನ ಜಾವ. ನಾನು ಹೇಳುತ್ತೇನೆಂದರೆ ಹುಡುಗ ಬೇಡವೆಂದ. ತಾನೇ ಹೇಳಿದ, ಒಂದನ್ನೂ ಮುಚ್ಚಿಡದೆ. ಆ ಕಡೆಯಿಂದ ಬಹಳ ಹೊತ್ತು ಸದ್ದಿರಲಿಲ್ಲ. ಆಮೇಲೆ ಮಾವನವರು ನನ್ನನ್ನು ಕರೆದರು.

"ಅಟ್ಟದ ಮೇಲೆ ಕೊಬ್ಬರಿ ಇದೆ. ದರ ಏರಲಿ ಅಂತ ಇಟ್ಟಿದ್ದೆ. ನಾಳೆ ಸಂತೆಗೆ ಹಾಕಿಸುತ್ತೇನೆ, ಎರಡು ಕಂತಿಗೆ ಆಗುತ್ತೆ. ಮಿಕ್ಕಿದ್ದು ಅವನು ಕಳಿಸಲಿ." ಸ್ವಲ್ಪ ತಡೆದು ಕೇಳಿದರು: "ಅವನು ಊಟ ಸರಿಯಾಗಿ ಮಾಡ್ತಿದಾನಾ?"

ಮಾಡುತ್ತಿದ್ದಾನೆಂದು ಹೇಳಿದೆ.

ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಪಣ ಕಟ್ಟುವುದರಿಂದ ತನ್ನನ್ನು ದೂರವಿಡಿ ಎಂದು ಮನುಷ್ಯ ತಾನೇ ಸರ್ಕಾರಕ್ಕೆ ಬರೆದುಕೊಡಬಹುದಾದ ಪಟ್ಟಿಯೊಂದಿದೆ. ಲೋವೆಲ್ ತಲುಪಿದ ಮರುದಿನ ಹುಡುಗ ಆ ಅರ್ಜಿ ತುಂಬಲು ಕುಳಿತ. ಎಷ್ಟು ವರ್ಷಕ್ಕೆಂದು ಕೇಳುವ ಕಡೆ ಬಂದು ನಿಂತು ನನ್ನ ಮುಖ ನೋಡಿದ. ನಾನು ಅವನ ಅಡಿಗೆಮನೆಯಲ್ಲಿ ಕಾಫಿ ಸೋಸುತ್ತಿದ್ದೆ, ತಿರುಗಿ ನೋಡಲಿಲ್ಲ. ಕೆಳಗೆ ಹಸಿರು ಟೋಪಿಯವರು ಸಂಜೆಯ ಗಾಡಿಗೆ ಹೊರಟಿದ್ದರು.